ಹಸಿ ಹುಲ್ಲಿನ ಹೊಗೆ

ಆಕಾಶದಿಂದ ಬಿದ್ದದ್ದನ್ನು ಹೆಕ್ಕಿಕೊಂಡು ಬರುವುದೇ ಅವನ ಕೆಲಸವಾಗಿತ್ತು. ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಇದಕ್ಕೂ ಸಂಬಳ ಕೊಡುತ್ತಾರಾ ಎಂದು ವಿಚಾರಿಸುತ್ತಿದ್ದರು. ಹವಾಮಾನ ಸಂಶೋಧನಾ ಕೇಂದ್ರದ ಕಾಗದಪತ್ರಗಳಲ್ಲಿ ಅವನ ಹುದ್ದೆಗೆ ಬಾಯಿ ತುಂಬುವಷ್ಟು ಉದ್ದದ ಹೆಸರಿತ್ತು. ಗುಡ್ಡದ ಮೇಲಿನ ಊರಿನವರು ಅಷ್ಟೆಲ್ಲ ಕಷ್ಟಪಡದೆ ವಿಮಾನದಣ್ಣ ಎಂದು ಕರೆದುಬಿಟ್ಟರು. ಕೇಂದ್ರದವರು ಹಾರಿಸಿದ ಡ್ರೋನು ಗಾಳಿಗೆ ಸಿಕ್ಕಿ ದಾರಿ ತಪ್ಪಿ, ಪ್ಯಾರಾಚೂಟು ಬಿಚ್ಚಿಕೊಂಡು ಯಾರದೋ ಹೊಲದಲ್ಲೋ ಹಂಚಿನ ಮೇಲೋ ಇಳಿಯಿತೆಂದರೆ, ಮೋಟರ್ ಸೈಕಲ್ಲಿನ ಹಿಂದೆ ಹಗ್ಗವನ್ನೂ ಒಂದು ಕೆಂಪು ಹೊದಿಕೆಯನ್ನೂ ಕಟ್ಟಿಕೊಂಡು ಅವನು ಹೊರಡುತ್ತಿದ್ದ. ಎಳೆಗೂಸನ್ನು ಸುತ್ತಿದ ಹಾಗೆ ಸುತ್ತಿ ತರುತ್ತಿದ್ದ.

ಕೇಂದ್ರದ ಶೆಡ್ಡಿನಲ್ಲಿ ನಾಲ್ಕಾರು ದೇಶಗಳ ಡ್ರೋನುಗಳಿದ್ದವು. ಒಂದು ದೇಶದವರು ಹಿಮದ ದಪ್ಪ ಅಳೆಯಲು ಮಾಡಿದ್ದು, ಇನ್ನೊಂದು ದೇಶದವರು ತಿಮಿಂಗಿಲ ಎಣಿಸಲು ಮಾಡಿದ್ದು, ಮತ್ತೊಬ್ಬರು ಬೆಂಕಿ ಕಾರುವ ಬೆಟ್ಟದ ಬಾಯಿಗೆ ಇಳಿಸಿ ಅದರ ಉಸಿರು ಹಿಡಿಯಲು ಮಾಡಿದ್ದು. ಒಂದೊಂದಕ್ಕೂ ಒಂದೊಂದು ಗುಣ. ಹಿಮದ್ದು ಬಿಸಿಲಿಗೆ ಮುನಿಸಿಕೊಳ್ಳುತ್ತಿತ್ತು. ತಿಮಿಂಗಿಲದ್ದು ಸಮುದ್ರದ ಮೇಲೆ ಹುಲಿಯಂತೆ, ಗುಡ್ಡದ ಗಾಳಿ ತಾಗಿದರೆ ಇಲಿ. ಶೆಡ್ಡಿನ ಮೆಕ್ಯಾನಿಕ್ಕು, ಮೀಸೆಗೆ ಗ್ರೀಸು ಮೆತ್ತಿಕೊಂಡೇ ಓಡಾಡುವ ಮುದುಕ, ಒಂದು ದಿನ ರೆಕ್ಕೆಯ ತಿರುಪು ಬಿಗಿಯುತ್ತ ಹೇಳಿದ: "ಇವಕ್ಕೆಲ್ಲ ಒಬ್ಬೊಬ್ಬ ಅಣ್ಣ ಇದಾನೆ ಕಣಪ್ಪ. ಅದೇ ಕಾರ್ಖಾನೆ, ಅದೇ ರೆಕ್ಕೆ, ಅದೇ ಮೋಟರು. ತಮ್ಮ ಬಿಳಿ ಬಟ್ಟೆ ಹಾಕ್ಕೊಂಡು ಶಾಲೆಗೆ ಬಂದ, ಅಣ್ಣ ಬೂದಿ ಬಣ್ಣ ಬಳ್ಕೊಂಡು ದಂಡಿಗೆ ಸೇರಿದ. ಯಾವ ದೇಶದ್ದಾದ್ರೂ ಅಷ್ಟೆ." ವಿಮಾನದಣ್ಣ ನಕ್ಕ. ದಂಡಿಗೆ ಸೇರಿದವರ ಚಿಂತೆ ಅವನಿಗೇಕೆ, ಅವನು ನೋಡಿಕೊಳ್ಳುತ್ತಿದ್ದದ್ದು ಶಾಲೆಗೆ ಹೋಗುವ ತಮ್ಮನನ್ನು.

ಗುಡ್ಡದಲ್ಲಿ ಮೊಬೈಲು ಹಿಡಿಯುವುದಿಲ್ಲ. ಬಿದ್ದ ಡ್ರೋನು ಎಲ್ಲಿದೆ ಎಂದು ಕೀಕೀ ಎನ್ನುತ್ತ ತೋರಿಸಬೇಕಾದ ಪೆಟ್ಟಿಗೆ ಎರಡು ಗುಡ್ಡ ಅಡ್ಡ ಬಂದರೆ ಎಡವೋ ಬಲವೋ ತಿಳಿಯದೆ ತಬ್ಬಿಬ್ಬಾಗುತ್ತದೆ. ಅದಕ್ಕೇ ಅವನು ಊರೂರು ಅಲೆದು ಒಂದು ಪದ್ಧತಿ ಕಲಿಸಿದ. "ಬಿದ್ದ ಕಡೆ ನಾಲ್ಕು ಸೌದೆ ಹಚ್ಚಿ, ಮೇಲೆ ಹಸಿ ಹುಲ್ಲು ಹಾಕಿ. ಬಿಳೀ ಹೊಗೆ ಎದ್ರೆ ನಾನು ಎಲ್ಲಿದ್ರೂ ನೋಡ್ಕೊಂಡು ಬರ್ತೀನಿ. ಹೆದರಬೇಡಿ, ಇದು ಮೋಡ ಅಳೆಯೋ ಯಂತ್ರ. ಯಾರಿಗೂ ಏನೂ ಮಾಡಲ್ಲ." ಹೀಗೆ ಹೇಳುವಾಗ ಅವನು ಎದೆಯ ಮೇಲೆ ಕೈ ಇಡುತ್ತಿದ್ದ. ಜನ ನಂಬಿದರು.

ನಂಬದೆ ಏನು, ಅವನು ಬರಿಯ ಮಾತಿನವನಲ್ಲ. ಡ್ರೋನು ಕಾಪಾಡಿ ಕೊಟ್ಟ ಮನೆಗೆ ಮುಂದಿನ ಸಲ ಹೋಗುವಾಗ ಒಂದು ಚಿತ್ರ ಒಯ್ಯುತ್ತಿದ್ದ: ಅವರದೇ ಮನೆ, ಅಂಗಳ, ಕೊಟ್ಟಿಗೆ, ಮೇಲಿನಿಂದ ಕಂಡ ಹಾಗೆ. ಹುಟ್ಟಿದಾಗಿನಿಂದ ಬದುಕಿದ ಮನೆಯ ನೆತ್ತಿಯನ್ನು ಜನ ಮೊದಲ ಸಲ ನೋಡುತ್ತಿದ್ದರು. ಚಿತ್ರ ಗೋಡೆ ಏರುತ್ತಿತ್ತು. ಹಿಟ್ಟಿನ ಗಿರಣಿಯವನು ತನ್ನ ಚಿತ್ರ ನೋಡಿಯೇ ಮಾಡಿನ ತೂತು ಕಂಡುಹಿಡಿದು ಮುಚ್ಚಿಸಿದ್ದ. ವಿಮಾನದಣ್ಣನ ಅಕ್ಕನನ್ನು ಕೊಟ್ಟ ಊರಿನಲ್ಲಂತೂ ಚಿತ್ರದಿಂದ ಜಗಳವೇ ಆಯಿತು. ಪಕ್ಕದ ಮನೆಯವರ ಬೇಲಿ ತನ್ನ ಅಂಗಳಕ್ಕೆ ಒಂದು ಮೊಳ ನುಗ್ಗಿದೆ ಎಂದು ಅಕ್ಕ ಚಿತ್ರ ಹಿಡಿದುಕೊಂಡು ಊರೆಲ್ಲ ಸುತ್ತಿದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಬಾಯಿ ಜೋರು, ಕರುಳು ಮೆತ್ತಗೆ. "ದೇವರಿಗೂ ಕಾಣದ್ದು ನನ್ನ ತಮ್ಮನಿಗೆ ಕಾಣ್ಸುತ್ತೆ" ಎಂದು ಮೆರೆಯುತ್ತಿದ್ದಳು.

ಆ ಗುಡ್ಡದ ಕಾಡಿನಲ್ಲಿ ಬಂದೂಕು ಹಿಡಿದವರು ಅಡಗಿದ್ದಾರೆಂದು ಸರ್ಕಾರಕ್ಕೆ ಬಹಳ ದಿನದ ಗುಮಾನಿ. ಒಂದು ಬೆಳಿಗ್ಗೆ ಕೇಂದ್ರದ ಶೆಡ್ಡಿಗೆ ಬೂದಿ ಬಣ್ಣದ ಡ್ರೋನು ಬಂದು ಕೂತಿತು. ಮೆಕ್ಯಾನಿಕ್ಕು ಗದ್ದ ಎತ್ತಿ ಅದನ್ನು ತೋರಿಸಿ, "ಬಂದ ನೋಡು, ಅಣ್ಣ" ಎಂದ. ಆಮೇಲೆ ಇಸ್ತ್ರಿ ಮಾಡಿದ ಸಮವಸ್ತ್ರದವರು ಬಂದರು, ಕೇಂದ್ರದವರೇ ಅದನ್ನು ಹಾರಿಸಿ ಗುಡ್ಡದ ಚಿತ್ರ ಅವರಿಗೆ ಕೊಡುವ ಒಪ್ಪಂದವಾಯಿತು, ಕಾಫಿಯಾಯಿತು, ನಿರ್ದೇಶಕರ ಕೋಣೆಗೆ ಹೊಸ ಕುರ್ಚಿಗಳು ಬಂದವು. ಚಿತ್ರಗಳನ್ನು ಹೊರಗಿನವರಿಗೆ ಕೊಡಬಾರದು ಎಂದು ಸುತ್ತೋಲೆ ಹೊರಟಿತು. ಯಾರ ಮನೆಯ ಚಿತ್ರವೋ ಆ ಮನೆಯವರೇ ಹೊರಗಿನವರು, ಅವರ ಮಾಡನ್ನು ಇಣುಕಿ ನೋಡಿದವರು ಒಳಗಿನವರು. ಎಂಥ ನ್ಯಾಯ.

ಅದೇ ವಾರ ಗಿರಣಿಯವನ ಅಂಗಳದಲ್ಲಿ ಹಿಮದ ಡ್ರೋನು ಬಿತ್ತು. ಗಿರಣಿಯವನು ಕಲಿಸಿದ ಹಾಗೆಯೇ ಹೊಗೆ ಹಾಕಿದ. ವಿಮಾನದಣ್ಣನಿಗೆ ಹೊಗೆ ಕಂಡಿತು, ಹೊರಡಲು ಮಾತ್ರ ಆಗಲಿಲ್ಲ. ಅತಿಥಿಗಳು ಬಂದಿದ್ದಾರೆ, ಊಟದ ಮೇಜು ಹೊರುವವರಿಲ್ಲ, ನಾಳೆ ಹೋಗು ಎಂದರು. ಮರುದಿನವೂ ಗಿರಣಿಯವನು ಪಾಪ ಹುಲ್ಲು ಕೊಯ್ದು ತಂದು ಹೊಗೆ ಹಾಕಿದ. ಹಿಟ್ಟು ಬೀಸಿಸಲು ಮೂಟೆ ಹೊತ್ತು ಬಂದವರೆಲ್ಲ ಡ್ರೋನು ನೋಡುತ್ತ, ವಿಮಾನದಣ್ಣನನ್ನು ಕಾಯುತ್ತ ಅಲ್ಲೇ ಕೂತರು. ಅವನು ಹೋದಾಗ ಗಿರಣಿಯವನು ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು, "ಏನಪ್ಪ, ನಿನ್ನ ಮದುವೆ ಆಗಿಹೋಯ್ತೇನೋ, ನಿನ್ನೆ ಬರ್ಲೇ ಇಲ್ಲ" ಎಂದು ನಗಿಸಿದ. ಚಹಾ ಕುಡಿಸಿ ಕಳಿಸಿದ.

ಅದಾದ ಮೂರನೇ ದಿನ, ಹಾಡುಹಗಲು, ಗಿರಣಿಯ ಮೇಲೆ ಬಾಂಬು ಬಿತ್ತು. ಗಿರಣಿಯವನು ಸತ್ತ. ಬೀಸಿಸಲು ಬಂದಿದ್ದ ಇಬ್ಬರು ಹೆಂಗಸರು ಸತ್ತರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತಾರಲ್ಲ, ಇಲ್ಲಿ ಗುಬ್ಬಿಯೂ ತಪ್ಪು ಮಾಡಿರಲಿಲ್ಲ. ಪತ್ರಿಕೆಯಲ್ಲಿ ಮಾತ್ರ 'ದುಷ್ಕರ್ಮಿಗಳ ನೆಲೆ ನಾಶ' ಎಂದು ದಪ್ಪಕ್ಷರದಲ್ಲಿ ಬಂತು. ಕೇಂದ್ರದ ಎದುರಿನ ಚಹಾದಂಗಡಿಯಲ್ಲಿ ಒಬ್ಬ ಪತ್ರಿಕೆ ಮಡಚುತ್ತ, "ಬೆಂಕಿ ಇಲ್ದೆ ಹೊಗೆ ಆಡುತ್ತಾ" ಎಂದಾಗ ವಿಮಾನದಣ್ಣ ಕೈಲಿದ್ದ ಲೋಟವನ್ನು ಕುಕ್ಕಿ ಎದ್ದುಬಂದ.

ಮಣ್ಣು ಮಾಡಿದ ದಿನ ಗಿರಣಿಯವನ ಹೆಂಡತಿ ಅವನ ಎದುರು ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ನಿನ್ನ ವಿಮಾನಕ್ಕೆ ಎಲ್ಲ ಕಾಣ್ಸುತ್ತೆ ಅಂತಿದ್ಯಲ್ಲ ಅಣ್ಣ. ನಮ್ಮನೇಲಿ ಹಿಟ್ಟಿನ ಮೂಟೆ ಬಿಟ್ಟು ಬೇರೆ ಏನಾದ್ರೂ ಕಾಣ್ಸಿತ್ತಾ? ಆ ಚಿತ್ರ ತಂದು ತೋರ್ಸು. ನಮ್ಮೆಜಮಾನರ ಹೆಸ್ರಿಗೆ ಅಂಟಿದ ಮಸಿ ತೊಳೀಲಿ." ತಂದೇ ತರುತ್ತೇನೆಂದು ಅವನು ಮಾತು ಕೊಟ್ಟ.

ಸುತ್ತೋಲೆ ಗಿತ್ತೋಲೆ ಎಂದು ನೋಡದೆ ಅವನು ಚಿತ್ರ ಅಚ್ಚು ಹಾಕುವ ಕೋಣೆಗೆ ಹೋದ. ಅಲ್ಲಿ ಕೆಲಸ ಮಾಡುವ ಹುಡುಗಿ ಬಾಗಿಲು ಹಾಕಿಕೊಂಡು, ಪರದೆಯ ಮೇಲೆ ಗಿರಣಿಯ ಚಿತ್ರ ತೆಗೆದಳು. ಸಮವಸ್ತ್ರದವರು ಗುರುತು ಹಾಕಿ, ಇದೇ ಜಾಗದ ಇನ್ನಷ್ಟು ಚಿತ್ರ ಬೇಕೆಂದು ವಾಪಸು ಕಳಿಸಿದ ಪ್ರತಿ ಅದು. ಬಿಳೀ ಹೊಗೆಯ ಸುತ್ತ ಕೆಂಪು ಬಳೆ, ಪಕ್ಕದಲ್ಲಿ 'ಹೊಗೆ ಸಂಕೇತ'. ಮೂಟೆ ಹೊತ್ತ ಹೆಂಗಸರ ತಲೆಯ ಮೇಲೆ ಬಾಣದ ಗುರುತು, 'ಸಾಮಗ್ರಿ ಸಾಗಣೆ'. ಅಂಗಳದ ಮೂಲೆಯಲ್ಲಿ ಒಂದು ಮೋಟರ್ ಸೈಕಲ್ಲು. ಅದರ ಹಿಂದೆ ಕೆಂಪು ಹೊದಿಕೆ. ಅದರ ಪಕ್ಕ ಚಹಾ ಲೋಟ ಹಿಡಿದು ನಿಂತವನ ಸುತ್ತಲೂ ಒಂದು ಬಳೆ.

"ಇದು ನಾನು" ಎಂದ ಅವನು.

"ನೀವೇ ಅಣ್ಣ" ಎಂದಳು ಹುಡುಗಿ. "ಬರೆದದ್ದು ನೋಡಿ."

'ಸಂದೇಶವಾಹಕ' ಎಂದು ಬರೆದಿತ್ತು. ಇವರೇ ಸಂಬಳ ಕೊಟ್ಟು ಇಟ್ಟುಕೊಂಡ ಆಳು, ಇವರೇ ಕಳಿಸಿದ ಕೆಲಸಕ್ಕೆ ಹೋದವನು, ಇವರೇ ಹಾರಿಸಿದ ಡ್ರೋನಿನ ಕಣ್ಣಿಗೆ ದುಷ್ಕರ್ಮಿಗಳ ದೂತ. ಚಿತ್ರದಲ್ಲಿರುವವನು ನಮ್ಮ ವಿಮಾನದಣ್ಣ, ಆ ಹೊಗೆ ನಮ್ಮ ಡ್ರೋನಿನದೇ ಗುರುತು ಎಂದು ಒಂದು ಮಾತು ಹೇಳಲು ಈ ಕಟ್ಟಡದಲ್ಲಿ ಒಬ್ಬನಿಗೂ ನಾಲಿಗೆ ಇರಲಿಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಇವರನ್ನು ಓದಿದವರು ಅಂತಾರೆ.

ಹುಡುಗಿ ಚಿತ್ರವನ್ನು ಅಚ್ಚು ಹಾಕಿ, ಮಡಚಿ ಅವನ ಜೇಬಿಗೆ ತುರುಕಿದಳು. ಅಷ್ಟರಲ್ಲಿ ಕಾರಿಡಾರಿನಲ್ಲಿ ಗಲಾಟೆ ಕೇಳಿತು. ತಿಮಿಂಗಿಲದ ಡ್ರೋನು ಗುಡ್ಡದ ಗಾಳಿಗೆ ಸಿಕ್ಕಿ ಬಿದ್ದಿದೆಯಂತೆ. ಕೊನೆಗೆ ಕಂಡ ಜಾಗ ಅಕ್ಕನ ಊರಿನ ನೆತ್ತಿ.

ನಿರ್ದೇಶಕರು ಬಾಗಿಲಲ್ಲೇ ಸಿಕ್ಕಿದರು. "ಅವಸರ ಏನಿಲ್ಲ. ಹೊಗೆ ಕಾಣ್ಸಲಿ, ಆಮೇಲೆ ಹೊರಡು. ಬೂದಿ ಬಣ್ಣದ್ದು ಅಲ್ಲೇ ಮೇಲೆ ಸುತ್ತುತಾ ಇದೆ, ಹೊಗೆ ಎದ್ದ ಕೂಡ್ಲೆ ಅದೇ ಜಾಗ ಹೇಳುತ್ತೆ" ಎಂದರು.

ಅವನು ಅವರನ್ನು ಸರಿಸಿಕೊಂಡು ಓಡಿದ.

ಹುಲ್ಲಿಗೆ ಬೆಂಕಿ ಬೀಳುವ ಮೊದಲು ಅಕ್ಕನ ಮನೆ ಮುಟ್ಟಬೇಕು. ದಾರಿಯುದ್ದಕ್ಕೂ ಅವನ ತಲೆಯಲ್ಲಿದ್ದದ್ದು ಅದೊಂದೇ. ಅಕ್ಕ ಸೋಮಾರಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ತಮ್ಮನ ಡ್ರೋನು ತನ್ನೂರಿಗೆ ಬಿದ್ದಿದೆ ಎಂದರೆ ಅವಳು ಊರನ್ನೇ ಎಬ್ಬಿಸುತ್ತಾಳೆ. ಎಲ್ಲರಿಗಿಂತ ದಪ್ಪ ಹೊಗೆ ಹಾಕುತ್ತಾಳೆ, ಎಲ್ಲರನ್ನೂ ಕರೆದು ಅದರ ಸುತ್ತ ನಿಲ್ಲಿಸುತ್ತಾಳೆ. ಇವತ್ತು ಹೊಗೆ, ನಾಳೆ ಗುಂಪು, ನಾಡಿದ್ದು ಪತ್ರಿಕೆಯಲ್ಲಿ ದಪ್ಪಕ್ಷರ.

ಗುಡ್ಡದ ಬುಡದಲ್ಲಿ ಅವನಿಗೆ ಚಿತ್ರದ ಮೋಟರ್ ಸೈಕಲ್ಲು ನೆನಪಾಯಿತು. ಮೇಲೆ ನೊಣ ಗುಂಯ್‌ಗುಟ್ಟಿದಂಥ ಸದ್ದು ಕೇಳುತ್ತಿತ್ತು. ಗಾಡಿ ಹತ್ತಿಸಿಕೊಂಡು ಹೋದರೆ ದೂತ ಬಂದ ಹಾಗಾಯಿತು, ಅಕ್ಕನ ಮನೆಗೆ ತಾನೇ ಬಳೆ ಬರೆದ ಹಾಗಾಯಿತು. ಗಾಡಿಯನ್ನು ಮರದಡಿ ಬಿಟ್ಟು, ಹೊದಿಕೆಯನ್ನು ಪೊದೆಗೆ ಎಸೆದು, ಕಾಲುದಾರಿ ಹಿಡಿದು ಹತ್ತಿದ. ಸ್ವಂತ ಅಕ್ಕನ ಮನೆಗೆ ಕಳ್ಳನಂತೆ ಮರದ ನೆರಳು ಹುಡುಕಿಕೊಂಡು ಹೋಗುವ ಕಾಲ ಬಂತಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡ. ಯಾರನ್ನು ಬೈಯುವುದೆಂದು ತಿಳಿಯದೆ ಎಲ್ಲರನ್ನೂ ಬೈದ. ಕೊನೆಯ ಏರಿನಲ್ಲಿ ತಲೆಯೆತ್ತಿ ನೋಡಿದರೆ, ಅಕ್ಕನ ಹಿತ್ತಲಿನಿಂದ ಎಳೆಯಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು.

ಹಿತ್ತಲಲ್ಲಿ ಅರ್ಧ ಊರು ನೆರೆದಿತ್ತು. ಡ್ರೋನನ್ನು ಮಂಚದ ಮೇಲೆ ಮಲಗಿಸಿ ಮೇಲೊಂದು ಸೀರೆ ಹೊದಿಸಿದ್ದರು. ಅಕ್ಕ ಮಂಡಿಯೂರಿ ಸೌದೆಗೆ ಊದುತ್ತಿದ್ದಳು, ಬೇಲಿ ಜಗಳದ ಪಕ್ಕದ ಮನೆಯವಳೇ ಹಸಿ ಹುಲ್ಲಿನ ಹೊರೆ ಹಿಡಿದು ನಿಂತಿದ್ದಳು. ತಮ್ಮನನ್ನು ಕಂಡು ಅಕ್ಕನ ಮುಖ ಅರಳಿತು. "ನೋಡಿದ್ರಾ, ಹೊಗೆ ಏಳೋ ಮುಂಚೇನೇ ವಾಸನೆ ಹಿಡ್ಕೊಂಡು ಬಂದ" ಎಂದಳು.

ಅವನು ನೇರ ಹೋಗಿ ಸೌದೆಯನ್ನು ಒದ್ದ. ಕೊಡದ ನೀರು ಸುರಿದ, ಬೂಟಿನಿಂದ ಕೆಂಡ ತುಳಿದ. "ಎಲ್ರೂ ಒಳಗೆ ಹೋಗಿ. ಗುಂಪು ಕಟ್ಬೇಡಿ. ಒಬ್ಬೊಬ್ರೇ ಹೋಗಿ" ಎಂದ. ಅವನ ದನಿ ಕೇಳಿ ಜನ ಒಬ್ಬೊಬ್ಬರಾಗಿ ಚದುರಿದರು.

"ಏನೋ ಬಂತು ನಿಂಗೆ?" ಎಂದಳು ಅಕ್ಕ.

ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅವನು ಚಿತ್ರ ಬಿಚ್ಚಿ ನೆಲದ ಮೇಲಿಟ್ಟ. ಮಾಡುಗಳನ್ನು ಮೇಲಿನಿಂದ ಓದಲು ಅಕ್ಕನಿಗೆ ಅಭ್ಯಾಸವಾಗಿತ್ತು. ಗಿರಣಿ ಗುರುತು ಹಿಡಿದಳು, ಮೂಟೆ ಗುರುತು ಹಿಡಿದಳು, ಕೆಂಪು ಹೊದಿಕೆಯ ಮೇಲೆ ಬೆರಳಿಟ್ಟು ತಮ್ಮನನ್ನು ನೋಡಿದಳು. ಅವನು ಎಲ್ಲ ಹೇಳಿದ.

"ಉಂಡ ಮನೆ ಜಂತೆ ಎಣಿಸಬಾರ್ದು ಅಂತಾರೆ" ಎಂದಳು ಅಕ್ಕ. "ನಿಮ್ಮೋರು ಜಂತೆ ಎಣಿಸಿ, ಲೆಕ್ಕ ಕೊಲೆಗಡುಕರ ಕೈಗೆ ಕೊಟ್ರಲ್ಲೋ. ನಿನ್ನ ಮಾತು ಕೇಳಿ ಅವನು ಹೊಗೆ ಹಾಕ್ದ. ನಿನ್ನ ಮಾತು ಕೇಳಿ ಸತ್ತ."

"ನಂಗೆ ಗೊತ್ತಿರ್ಲಿಲ್ಲ ಅಕ್ಕ."

"ಗೊತ್ತಿರ್ಲಿಲ್ಲ ಅಂತ ನಂಗೊತ್ತು. ಅವನ ಹೆಂಡ್ತಿಗೆ ಅದ್ರಿಂದ ಏನು ಬಂತು?"

ಅವನು ಅಳಲಿಲ್ಲ, ಅಳು ಬರುವಷ್ಟು ಮೆತ್ತಗಿರಲಿಲ್ಲ ಒಳಗೆ. ಕಲಿಸಿದ್ದು ತಾನು, ನಂಬಿದ್ದು ಅವರು, ನೋಡಿದ್ದು ಕೇಂದ್ರ, ಹೊಡೆದದ್ದು ಮತ್ಯಾರೋ. ಕೊನೆಗೆ ಕೈಗೆ ರಕ್ತ ಅಂಟಿಸಿಕೊಂಡು ಕೂತವನು ಮಾತ್ರ ತಾನೊಬ್ಬ. ಮಿಕ್ಕವರೆಲ್ಲ ಸೋಪು ಹಾಕಿ ಕೈ ತೊಳೆದು ಹೊಸ ಕುರ್ಚಿಯಲ್ಲಿ ಕೂತಿದ್ದಾರೆ.

ಅಕ್ಕ ಚಿತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇದನ್ನ ನಾನೇ ಅವ್ಳಿಗೆ ಕೊಡ್ತೀನಿ. ಅವಳ ಗಂಡನ ತಪ್ಪಿಲ್ಲ ಅಂತ ಎಲ್ಲಾ ಊರಿಗೂ ತೋರಿಸ್ತೀವಿ. ನೀನು ಬರ್ಬೇಡ. ಈಗ್ಲೇ ಅವಳ ಮುಂದೆ ನಿಂತ್ಕೋಬೇಡ. ಮೊದ್ಲು ಆ ಶನಿಯನ್ನ ಮಂಚದ ಮೇಲಿಂದ ಎತ್ತು."

ಊರಾಚೆ ಮರದ ಗುಂಪಿನೊಳಗೆ ಒಂದು ಹಾಳುಬಾವಿ ಇತ್ತು. ಭಾವ ಗಾರೆ ಕೆಲಸದವನು, ಮಾತು ಕಡಿಮೆ. ಭಾವನೂ ಅವನೂ ಡ್ರೋನನ್ನು ಹುಲ್ಲಿನ ಹೊರೆಯೊಳಗೆ ಇಟ್ಟು, ತಲೆಯ ಮೇಲೆ ಹೊತ್ತು ಅಲ್ಲಿಗೆ ಒಯ್ದರು. ತಿಮಿಂಗಿಲ ಎಣಿಸಲೆಂದು ಯಾರೋ ಪ್ರೀತಿಯಿಂದ ಮಾಡಿದ್ದು ಅದು, ರೆಕ್ಕೆಯ ಅಂಚನ್ನು ಎಷ್ಟು ನಯವಾಗಿ ತೀಡಿದ್ದರು ಎಂದು ಅವನಿಗೆ ಗೊತ್ತಿತ್ತು. ಅದರದೇನೂ ತಪ್ಪಿಲ್ಲ ಎಂದೂ ಗೊತ್ತಿತ್ತು. ಆದರೂ ಭಾವ ಹಿಡಿದ ತುದಿಯನ್ನು ಬಿಡುವ ಮೊದಲೇ ಅವನು ತನ್ನ ತುದಿಯನ್ನು ಬಿಟ್ಟ. ಮೇಲೆ ಇಬ್ಬರೂ ಕಲ್ಲು ಹಾಕಿದರು.

ಆಮೇಲೆ ಭಾವ ಒಂದು ಕಡೆ, ಅವನು ಒಂದು ಕಡೆ, ನಡೆದೇ ಗುಡ್ಡದ ಊರುಗಳಿಗೆಲ್ಲ ಹೋದರು. ಇನ್ನು ಮುಂದೆ ಏನು ಬಿದ್ದರೂ ಹೊಗೆ ಹಾಕಬೇಡಿ ಎಂದು ಮನೆಮನೆಗೆ ಹೇಳಿದರು. ಕೆಲವರು ನೀರು ಕೊಟ್ಟರು. ಕೆಲವರು ಅವನ ಮುಖ ನೋಡಿ ಬಾಗಿಲು ಹಾಕಿಕೊಂಡರು. ಒಂದು ಮನೆಯ ಮುದುಕಿ ಗೋಡೆಯ ಚಿತ್ರವನ್ನು ಕಿತ್ತು ಅವನ ಕೈಗಿಟ್ಟು, "ತಗೊಂಡ್ಹೋಗಪ್ಪ, ನಮ್ಗೆ ಬೇಡ" ಎಂದಳು.

ಎರಡು ದಿನ ಬಿಟ್ಟು ಅವನು ಕೇಂದ್ರಕ್ಕೆ ಹೋದ. ನಿರ್ದೇಶಕರು ಹೊಸ ಕುರ್ಚಿಯಿಂದ ಅರ್ಧ ಎದ್ದರು.

"ಎಲ್ಲಿ ಹಾಳಾಗಿ ಹೋಗಿದ್ದೆ? ಹೊಗೇನೇ ಏಳ್ಲಿಲ್ಲ. ಸಿಕ್ತಾ ಇಲ್ವಾ?"

"ಸಿಕ್ತು ಸಾರ್."

"ಎಲ್ಲಿ?"

"ತಂದಿಲ್ಲ."

ನಿರ್ದೇಶಕರಿಗೆ ಅರ್ಥವಾಗಲಿಲ್ಲ. ಅವನು ಗಿರಣಿಯ ವಿಷಯ ಎತ್ತಿದ. ಹೊಗೆಗೆ ಹಾಕಿದ ಬಳೆ, ಮೂಟೆ, ತನ್ನ ಹೆಸರಿಗೆ ಬರೆದ ಪದವಿ, ಎಲ್ಲ ಹೇಳಿದ. ಕೂಗಲಿಲ್ಲ. ಕೂಗಿದ್ದರೆ ಅವರಿಗೆ ಅನುಕೂಲವಾಗುತ್ತಿತ್ತು.

"ನೋಡು, ನಾವು ಚಿತ್ರ ಕೊಡ್ತೀವಿ ಅಷ್ಟೆ" ಎಂದರು ಅವರು, ಮಕ್ಕಳಿಗೆ ಹೇಳುವ ಹಾಗೆ. "ಅದನ್ನ ಓದೋರು ಬೇರೆ, ತೀರ್ಮಾನ ಮಾಡೋರು ಬೇರೆ. ಎಲ್ಲಾ ದೇಶದಲ್ಲೂ ಹೀಗೇ ನಡೆಯೋದು. ಅದೂ ಅಲ್ದೆ, ಆ ಜನಕ್ಕೆ ಹೊಗೆ ಹಾಕೋಕೆ ಕಲಿಸಿದ್ದು ಯಾರು? ನಾವಾ?"

"ನಾನೇ ಸಾರ್. ನಿಮ್ಮ ಸಾಮಾನು ನಿಮ್ಗೆ ತಂದುಕೊಡೋಕೆ ಕಲಿಸ್ದೆ. ಅದು ನಿಮ್ಗೆ ಗೊತ್ತಿತ್ತು. ಅವ್ರು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

"ಅವ್ರು ಕೇಳ್ಲಿಲ್ಲ."

ಮೂರು ಹೆಣಗಳಿಗೆ ಇದೇ ಲೆಕ್ಕ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಇಬ್ಬರಿಗೂ ರಾತ್ರಿ ನಿದ್ದೆ ಬರುತ್ತದೆ.

ವಿಮಾನದಣ್ಣ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟ. ನಿರ್ದೇಶಕರಿಗೆ ಆಗ ಗಾಬರಿಯಾಯಿತು. ಗುಡ್ಡದ ದಾರಿ ಬಲ್ಲ ಇನ್ನೊಬ್ಬ ಆ ಕೇಂದ್ರದಲ್ಲಿರಲಿಲ್ಲ. "ಅಲ್ಲಯ್ಯ, ಮುಂದಿನ ಸಲ ಬಿದ್ರೆ ಯಾರು ತರ್ತಾರೆ?" ಎಂದು ದನಿ ಇಳಿಸಿ ಕೇಳಿದರು.

"ನೀವೇ ಹೋಗಿ ಸಾರ್. ದಾರಿ ತಪ್ಪಿದ್ರೆ ಭಯ ಬೀಳ್ಬೇಡಿ. ನಿಂತ ಜಾಗದಲ್ಲೇ ನಾಲ್ಕು ಸೌದೆ ಹಚ್ಚಿ, ಮೇಲೆ ಹಸಿ ಹುಲ್ಲು ಹಾಕಿ. ಮೇಲಿಂದ ಯಾರಾದ್ರೂ ನೋಡ್ತಾರೆ."

ಅವನು ಹೊರಗೆ ಬಂದ. ಆ ಕೇಂದ್ರದವರು ಇವತ್ತಿಗೂ ಡ್ರೋನು ಹಾರಿಸುತ್ತಾರೆ, ಗುಡ್ಡದ ಗಾಳಿಗೆ ಅವು ಇವತ್ತಿಗೂ ಬೀಳುತ್ತವೆ. ಹುಡುಕಲು ನಿರ್ದೇಶಕರು ಒಂದು ಸಲವೂ ಹೋಗಿಲ್ಲ.